ಉದ್ದೇಶ ಒಳ್ಳೆಯದಿತ್ತಂತೆ!

"ಹೊಸಬರದಾರ, ಕಲೀತಾರ ಬಿಡ್ರಿ. ಅವರ ಉದ್ದೇಶ ಏನ್ ಕೆಟ್ಟಿದ್ದಿಲ್ಲ. ಹುಡುಗೂರು ಎರಡ ದಿನ ಅಳತಾವ, ಮೂರನೇ ದಿನ ಮರೀತಾವ."

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಯಾವುದಾದರೂ ಶಾಲೆಯ ಕಟ್ಟೆಯ ಮೇಲೆ ಕುಳಿತು, ತರಗತಿಯಲ್ಲಿ ಮಗುವೊಂದು ನೊಂದ ವಿಷಯ ತೆಗೆದು ನೋಡಿ. ಮಾತು ಎಲ್ಲಿಂದ ಶುರುವಾದರೂ ಇಲ್ಲಿಗೇ ಬಂದು ನಿಲ್ಲುತ್ತದೆ. ಮುಖ್ಯ ಗುರುಗಳು ಹೇಳುತ್ತಾರೆ, ಎಸ್‌ಡಿಎಂಸಿ ಅಧ್ಯಕ್ಷರು ತಲೆಯಾಡಿಸುತ್ತಾರೆ, ಸಿಆರ್‌ಪಿ ಚಹಾ ಕುಡಿದು ಗಾಡಿ ಹತ್ತುತ್ತಾರೆ. ಮಗುವಿನ ಅವ್ವನೂ ಬಹಳ ಸಲ ಸೆರಗು ಸರಿಮಾಡಿಕೊಂಡು "ಆಗಲ್ರಿ ಸರ" ಎಂದು ಎದ್ದು ಬರುತ್ತಾಳೆ. ಅಲ್ಲಿಗೆ ಪ್ರಕರಣ ಮುಗಿಯಿತು.

ಮುಗಿಯುವುದಿಲ್ಲ. ಈ ಮಾತಿನಲ್ಲಿ ಮಕ್ಕಳ ಬಗ್ಗೆ ಒಂದು ಸುಳ್ಳಿದೆ, ಶಿಕ್ಷಕರ ಬಗ್ಗೆ ಒಂದು ಸೋಗಿದೆ. ಎರಡನ್ನೂ ನಾವು ಮಮತೆಯ ಧ್ವನಿಯಲ್ಲಿ ಹೇಳಿಕೊಳ್ಳುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಮೊದಲು, ಏನು ನಡೆಯುತ್ತದೆ ಎಂಬುದನ್ನು ನೋಡೋಣ. ಇದನ್ನು ಯಾವ ಊರಿನ ಯಾವ ಶಾಲೆಯ ತಲೆಗೂ ಕಟ್ಟಬೇಡಿ. ಘಟಪ್ರಭೆಯ ದಂಡೆಯಲ್ಲಿ ಒಂದು ಸರ್ಕಾರಿ ಕನ್ನಡ ಶಾಲೆ, ನಾಲ್ಕನೇ ಇಯತ್ತೆ ಅಂತಿಟ್ಟುಕೊಳ್ಳಿ. ಈ ವರ್ಷ ಬಂದ ಅತಿಥಿ ಶಿಕ್ಷಕ ಹುಮ್ಮಸ್ಸಿನ ಹುಡುಗ. ಸ್ವಂತ ದುಡ್ಡಿನಲ್ಲಿ ಚಾರ್ಟ್ ಶೀಟು, ಸ್ಕೆಚ್ ಪೆನ್ನು ತಂದಿದ್ದಾನೆ. ಬೋರ್ಡಿನ ಮೇಲೆ ಮರ ಬರೆದ: ಬೇರಿನಲ್ಲಿ ಅಜ್ಜ-ಅಜ್ಜಿ, ಕಾಂಡದಲ್ಲಿ ಅಪ್ಪ-ಅವ್ವ, ಟೊಂಗೆಯಲ್ಲಿ ನೀವು. ಎಲ್ಲರೂ ತಮ್ಮ ಕುಟುಂಬದ ಮರ ಬರೆದು, ಒಬ್ಬೊಬ್ಬರೇ ಮುಂದೆ ಬಂದು ಓದಬೇಕು. ತರಗತಿಗೆ ಜಾತ್ರೆಯ ಕಳೆ ಬಂತು. ಒಬ್ಬ ಹುಡುಗಿಯ ಮರದಲ್ಲಿ ಅವ್ವನ ಪಕ್ಕದ ಚೌಕ ಮಾತ್ರ ಖಾಲಿ. "ಯಾಕವಾ, ಮರ್ತೀಯೇನು? ಬರಿ ಬರಿ" ಅಂದ ಸರ್, ನಗುತ್ತಲೇ. ಹಿಂದಿನ ಸಾಲಿನಿಂದ ಒಂದು ಧ್ವನಿ: "ಅಕಿಗೆ ಅಪ್ಪ ಇಲ್ರೀ ಸರ. ಅವರವ್ವ..." ಉಳಿದದ್ದನ್ನು ಹೇಳುವ ಅಗತ್ಯ ಬೀಳಲಿಲ್ಲ, ಅರ್ಧ ತರಗತಿ ಆಗಲೇ ನಕ್ಕಿತ್ತು. ಸರ್‌ಗೆ ಅರ್ಥವಾಯಿತು, ಮುಖ ಕೆಂಪಾಯಿತು, ಏನು ಮಾಡಬೇಕೋ ತಿಳಿಯಲಿಲ್ಲ. "ಏ, ಸುಮ್ಮನಿರ್ರಿ. ಹೋಗ್ಲಿ ಬಿಡವಾ, ಮಾಮಾನ ಹೆಸರು ಬರಿ" ಎಂದು ಮುಂದಿನವಳನ್ನು ಕರೆದ. ಹುಡುಗಿ ತನ್ನ ಜಾಗಕ್ಕೆ ಹೋಗಿ ಆ ಚೌಕವನ್ನು ಕರಿ ಸ್ಕೆಚ್ ಪೆನ್ನಿನಿಂದ ತಿಕ್ಕಿ ತಿಕ್ಕಿ ತುಂಬಿದಳು, ಕಾಗದ ಹರಿಯುವ ತನಕ. ಸಂಜೆ ಎಲ್ಲ ಚಾರ್ಟುಗಳೂ ಗೋಡೆಗೆ ಅಂಟಿದವು, ಅವಳದೂ. ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಲಾಯಿತು. ಮೇಲಿನವರಿಂದ ಹೆಬ್ಬೆರಳು ಬಂತು.

ಇಲ್ಲಿ ಕೆಟ್ಟವರು ಯಾರೂ ಇಲ್ಲ, ಒಪ್ಪೋಣ. ಆದರೆ ಈ ನೆಲದಲ್ಲಿ ನಿಂತು "ಹೀಗಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು" ಎನ್ನುವ ಹಕ್ಕು ಯಾರಿಗೂ ಇಲ್ಲ. ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 1982ರಲ್ಲಿ. ಆ ಪದ್ಧತಿಯಿಂದ ಹೊರಬಂದ ಹೆಣ್ಣುಮಕ್ಕಳೇ ಕಟ್ಟಿಕೊಂಡ ಸಂಸ್ಥೆ 'ಮಾಸ್' — ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ — 1997ರಲ್ಲಿ ಹುಟ್ಟಿದ್ದು ಇದೇ ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರಿಗೆ ಹಾರ ಹಾಕಿ ಸನ್ಮಾನ ಮಾಡದ ವೇದಿಕೆ ಈ ಭಾಗದಲ್ಲಿ ಕಡಿಮೆ. ಅಂದರೆ ಅಪ್ಪನ ಹೆಸರಿನ ಕಾಲಂ ಇಲ್ಲಿ ಎಷ್ಟು ಮಕ್ಕಳ ಗಂಟಲಲ್ಲಿ ಮುಳ್ಳಾಗಿದೆ ಎಂಬುದು ಊರಿಗೆಲ್ಲ ಗೊತ್ತು. ಗೊತ್ತಿರುವುದನ್ನು ಹೊಸ ಶಿಕ್ಷಕನ ಕಿವಿಗೆ ಹಾಕುವ ಕೆಲಸ ಮಾತ್ರ ಯಾರದೂ ಅಲ್ಲ.

ಇನ್ನೊಂದು ಚಟುವಟಿಕೆ ನೋಡಿ, 'ನಮ್ಮ ಮನೆ'. ಚಿತ್ರ ಬರೆಯಿರಿ, ಎಷ್ಟು ಕೋಣೆ, ಗೋಡೆ ಯಾವುದರದು, ಮೇಲ್ಛಾವಣಿ ಯಾವುದರದು, ಬರೆದು ತಂದು ಹೇಳಿ. ಬೆಂಗಳೂರಿನಲ್ಲಿ ಕೂತು ಯೋಚಿಸಿದರೆ ಇದಕ್ಕಿಂತ ಸಾಧುವಾದ ಚಟುವಟಿಕೆ ಇಲ್ಲ. ಇಲ್ಲಿ ಹಾಗಲ್ಲ. 2019ರ ಆಗಸ್ಟ್‌ನಲ್ಲಿ ಲೋಳಸೂರ ಸೇತುವೆ ಮುಳುಗಿ, ಗೋಕಾಕದ ಹೊಳೆಯಂಚಿನ ಓಣಿಗಳಿಗೆ ನೀರು ನುಗ್ಗಿತು. ಮೂಡಲಗಿ ತಾಲೂಕಿನ ದಂಡೆಯ ಹಳ್ಳಿಗಳು ನೀರಲ್ಲಿ ನಿಂತವು. ಹಿರಣ್ಯಕೇಶಿ ಉಕ್ಕಿ ಸಂಕೇಶ್ವರದ ತಗ್ಗು ಪ್ರದೇಶಕ್ಕೆ ಬಂತು. 2021ರಲ್ಲಿ ಮತ್ತೆ, 2024ರ ಜುಲೈಯಲ್ಲಿ ಮತ್ತೆ. ಹಿಡಕಲ್ ಜಲಾಶಯದ ಮಟ್ಟ ಎಷ್ಟಾಯಿತು ಎಂದು ಮಳೆಗಾಲದಲ್ಲಿ ಮಕ್ಕಳೂ ಕೇಳುವ ಸೀಮೆ ಇದು. 2019ರ ನೆರೆಯ ನಂತರ ಬಿದ್ದ ಮನೆಗಳಿಗೆಲ್ಲ ಎ, ಬಿ, ಸಿ ಎಂದು ಕೆಟಗರಿ ಬಂತು. ಪೂರ್ತಿ ಬಿದ್ದರೆ 'ಎ', 5 ಲಕ್ಷ. ಸ್ವಲ್ಪ ಬಿದ್ದರೆ 'ಸಿ', 50 ಸಾವಿರ. 'ಎ' ಬರಬೇಕಾದವರಿಗೆ 'ಸಿ' ಬಂತು, 'ಸಿ' ಕೂಡ ಬರಬಾರದವರಿಗೆ 'ಎ' ಬಂತು ಎಂಬ ಜಗಳ ಇಂದಿಗೂ ಪಂಚಾಯಿತಿ ಕಟ್ಟೆಯಲ್ಲಿ ಆರಿಲ್ಲ. ಆ ದಿನಗಳಲ್ಲಿ ಕಾಳಜಿ ಕೇಂದ್ರಗಳಾದದ್ದು ಶಾಲೆಗಳೇ. ಜಮಖಾನೆ ಹಾಸಿ ಅವ್ವನ ಮಗ್ಗುಲಲ್ಲಿ ಮಲಗಿದ್ದ ಕೋಣೆಯಲ್ಲೇ ಮಗು ಈಗ ಕೂತಿದೆ, ಮುಂದೆ ಬಂದು ಮನೆಯ ಗೋಡೆ ಯಾವುದರದು ಎಂದು ಹೇಳಬೇಕಾಗಿದೆ. ಪಕ್ಕದವನದು ಆರ್‌ಸಿಸಿ. ಇವನದು ತಗಡು.

ಇದನ್ನು ಹೇಳಿದರೆ ಕೂಡಲೇ ಬರುವ ಉತ್ತರ: "ಬಡಿದರೇನ್ರಿ? ಬೈದರೇನ್ರಿ? ಆಟ ಆಡಿಸ್ಯಾರ."

ಇದೇ ಇವತ್ತಿನ ದೊಡ್ಡ ಮೂಢನಂಬಿಕೆ. ಬೆತ್ತ ಇಲ್ಲದಿದ್ದರೆ ನೋವಿಲ್ಲ, ಬೈಗುಳ ಇಲ್ಲದಿದ್ದರೆ ಅವಮಾನವಿಲ್ಲ, ಸ್ಕೆಚ್ ಪೆನ್ನು ಇದ್ದಲ್ಲಿ ಸಂತೋಷ ಇದ್ದೇ ಇರುತ್ತದೆ ಎಂಬ ನಂಬಿಕೆ. ಕಾನೂನು ಇಷ್ಟು ದಡ್ಡತನದ್ದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆಜೊತೆಗೇ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮಗುವಿನ ಹಿನ್ನೆಲೆ, ಜಾತಿ, ತಂದೆ-ತಾಯಿಯ ಕಸುಬು ಹಿಡಿದು ಹೀಯಾಳಿಸುವುದೂ ಇದರೊಳಗೆ ಬರುತ್ತದೆ ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಬಿಡಿಸಿ ಹೇಳುತ್ತದೆ. ನಮ್ಮ ಶಾಲೆಗಳಲ್ಲಿ ಈ ಕಲಮಿನ ಮೊದಲರ್ಧ ಮಾತ್ರ ಗೋಡೆ ಬರಹವಾಗಿದೆ. 'ಬಡಿಯಬಾರದು' ಎಂಬುದು ಎಲ್ಲರಿಗೂ ಗೊತ್ತು. ಬಡಿಯದೆ ಏನೇನು ಮಾಡಬಾರದು ಎಂಬ ಪಾಠವನ್ನು ಯಾರೂ ಮಾಡಿಲ್ಲ.

ನಿಜ ಹೇಳಬೇಕೆಂದರೆ ಬೆತ್ತದ ಏಟಿಗೆ ಒಂದು ಅನುಕೂಲವಿತ್ತು. ಬೆತ್ತ ಬಿದ್ದವನ ಕಡೆಗೆ ತರಗತಿಯ ಕನಿಕರ ಇರುತ್ತಿತ್ತು. ತಪ್ಪು ಮಾಸ್ತರರದೋ ಹುಡುಗನದೋ, ನೋವು ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ಚಟುವಟಿಕೆಯಲ್ಲಿ ಬಿದ್ದ ಏಟು ಹಾಗಲ್ಲ. ಅಲ್ಲಿ ಎಲ್ಲರೂ ನಗುತ್ತಿದ್ದಾರೆ, ಸರ್ ಕೂಡ. ಅಳುವ ಮಗುವೇ ಆಟ ಕೆಡಿಸಿದ ಹಾಗೆ. ಬೆತ್ತವನ್ನು ಹೊಗಳುತ್ತಿದ್ದೇನೆ ಎಂದು ಯಾರಾದರೂ ಈ ಸಾಲುಗಳನ್ನಷ್ಟೇ ಕತ್ತರಿಸಿ ಗುಂಪಿಗೆ ಹಾಕಿಯಾರು. ಹಾಕಲಿ.

ಇನ್ನು ಹಿರಿಯರ ಅಸ್ತ್ರ: "ನಮ್ಮ ಕಾಲದಾಗ ಕೋಳಿ ಕೂಡಿಸ್ತಿದ್ರು, ಬಿಸಿಲಾಗ ನಿಂದರಸ್ತಿದ್ರು, ಜಾತಿ ಹಿಡದ ಕರೀತಿದ್ರು. ನಮಗೇನಾತು? ಮಂದಿ ಆಗಲಿಲ್ಲೇನು?" ನಿವೃತ್ತರ ಕೂಟದಲ್ಲಿ, ಹಳೆಯ ವಿದ್ಯಾರ್ಥಿಗಳ ಗುರುವಂದನೆಯಲ್ಲಿ ಈ ಮಾತಿಗೆ ಚಪ್ಪಾಳೆ ಖಚಿತ. ಆದರೆ ಆ ಸಭೆಯಲ್ಲಿ ಯಾರು ಕೂತಿದ್ದಾರೆ? ಉಳಿದವರು. ಏಳನೆಯ ಇಯತ್ತೆ ದಾಟಿ, ಹತ್ತು ದಾಟಿ, ನೌಕರಿ ಹಿಡಿದು, ಶಾಲು ಹೊದ್ದುಕೊಂಡವರು. ನಾಲ್ಕನೆಯದರಲ್ಲಿ ಪಾಟೀಚೀಲ ಮೂಲೆಗೆ ಎಸೆದು ಎಮ್ಮೆ ಕಾಯಲು ಹೋದವನಿಗೆ, ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಟ್ರ್ಯಾಕ್ಟರ್ ಹತ್ತಿದವನಿಗೆ, ಗೋವೆಗೆ ಗಾರೆ ಕೆಲಸಕ್ಕೆ ಹೋದವನಿಗೆ ಗುರುವಂದನೆಯ ಆಮಂತ್ರಣ ಪತ್ರಿಕೆ ಹೋಗಿರುವುದಿಲ್ಲ. "ನಮಗೇನಾತು" ಎಂಬ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿಲ್ಲ. ಅವನು ಶಾಲೆ ಬಿಟ್ಟದ್ದಕ್ಕೆ ರಿಜಿಸ್ಟರಿನಲ್ಲಿ 'ಬಡತನ' ಎಂದೋ 'ವಲಸೆ' ಎಂದೋ ಬರೆದಿರುತ್ತದೆ. ಬಡತನ ಇತ್ತು, ಹೌದು. ಬಡತನವಿದ್ದೂ ಶಾಲೆಯಲ್ಲಿ ಉಳಿದವರು ಬೇಕಾದಷ್ಟು ಜನ. ಇದೇ ಹುಕ್ಕೇರಿ ತಾಲೂಕಿನ ಘೋಡಗೇರಿಯ ಕಂಬಾರರ ಮನೆಯ ಹುಡುಗ ಬಡತನದಿಂದ ಓದು ನಿಲ್ಲಿಸಿದಾಗ ಸಾವಳಗಿ ಮಠದ ಸ್ವಾಮಿಗಳು ಹೈಸ್ಕೂಲಿನ ಖರ್ಚು ಹೊತ್ತರು. ಆ ಹುಡುಗ ಮುಂದೆ ಜ್ಞಾನಪೀಠದವರೆಗೆ ಹೋದ. ಚಂದ್ರಶೇಖರ ಕಂಬಾರರ ಫೋಟೋ ತೂಗುಹಾಕಿದ ಶಾಲೆಗಳು ಇದನ್ನು ನೆನೆಯಬೇಕು. ಖರ್ಚಿನ ತೊಂದರೆಗೆ ಊರಲ್ಲಿ ಯಾರಾದರೂ ಕೈಹಿಡಿಯುವವರು ಸಿಗುತ್ತಾರೆ. ಎಲ್ಲರೆದುರು ಮರ್ಯಾದೆ ಹೋದ ಮಗುವಿನ ಕೈಹಿಡಿಯಲು ಯಾವ ಮಠದಲ್ಲೂ ವ್ಯವಸ್ಥೆ ಇಲ್ಲ, ಯಾಕೆಂದರೆ ಮಗು ಅದನ್ನು ಮಠಕ್ಕೆ ಹೋಗಿ ಹೇಳುವುದಿಲ್ಲ. ಮನೆಯಲ್ಲೇ ಹೇಳುವುದಿಲ್ಲ. "ಹೊಟ್ಟಿ ನೋಯ್ತೈತಿ, ಇವತ್ತ ಸಾಲಿಗೆ ಹೋಗಾಂಗಿಲ್ಲ" ಅನ್ನುತ್ತದೆ, ಅಷ್ಟೆ.

ಮಕ್ಕಳು ಮರೆಯುತ್ತಾರೆ ಎನ್ನುವವರಿಗೆ ಒಂದೇ ಒಂದು ಪುರಾವೆ ಸಾಕು. ಸಾತಾರೆಯ ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂತ ಹುಡುಗ, ಜವಾನ ಇಲ್ಲದ ದಿನ ನೀರು ಕುಡಿಯಲಾಗದೆ ಮನೆಗೆ ಹೋದ ಹುಡುಗ, ಅದನ್ನು ದೊಡ್ಡವನಾದ ಮೇಲೆ, ವಿದೇಶದ ಪದವಿಗಳನ್ನೆಲ್ಲ ಪಡೆದ ಮೇಲೆ, ಚಾಚೂ ತಪ್ಪದೆ ಬರೆದಿಟ್ಟ. ಡಾ. ಅಂಬೇಡ್ಕರರೇ ಮರೆಯಲಿಲ್ಲ. ನಮ್ಮ ನಾಲ್ಕನೇ ಇಯತ್ತೆಯ ಹುಡುಗಿ ಮರೆಯುತ್ತಾಳಂತೆ.

ಅಂಬೇಡ್ಕರರ ಹೆಸರು ಬಂತಲ್ಲ, ಇನ್ನೊಂದು ಚಟುವಟಿಕೆಯನ್ನೂ ಹೇಳಿಬಿಡುತ್ತೇನೆ. ಏಪ್ರಿಲ್ 14ರ ಆಸುಪಾಸು, ಇಲ್ಲವೇ ಸಮಾಜ ವಿಜ್ಞಾನದಲ್ಲಿ ಅಸ್ಪೃಶ್ಯತೆಯ ಪಾಠ ಬಂದಾಗ, ಉತ್ಸಾಹಿ ಶಿಕ್ಷಕರು ಪಾತ್ರಾಭಿನಯ ಮಾಡಿಸುತ್ತಾರೆ. ಕೆರೆ, ನೀರು, ಬೈಯುವ ಮೇಲ್ಜಾತಿಯವ, ಕೈಮುಗಿದು ನಿಂತ ಕೆಳಜಾತಿಯವ. ಕೈಮುಗಿದು ನಿಲ್ಲುವ ಪಾತ್ರ ಯಾರಿಗೆ ಸಿಗುತ್ತದೆ ಎಂದು ಕೇಳಿ ನೋಡಿ. ಎಷ್ಟೋ ಕಡೆ ಕೇರಿಯ ಹುಡುಗನಿಗೇ. "ಅವನಿಗೆ ನೈಜವಾಗಿ ಬರ್ತೈತಿ" ಎಂಬ ಸಮರ್ಥನೆ ಬೇರೆ. ಉದ್ದೇಶ? ಸಮಾನತೆ ಕಲಿಸುವುದು!

ಇಂಥ ಪ್ರಯೋಗಗಳಿಗೆ ತರಬೇತಿಗಳಲ್ಲಿ ಒಂದು ದೊಡ್ಡ ಉದಾಹರಣೆ ಕೊಡುವುದುಂಟು. ಅಮೆರಿಕದ ಅಯೋವಾ ರಾಜ್ಯದ ರೈಸ್‌ವಿಲ್ ಎಂಬ ಸಣ್ಣ ಊರಿನ ಶಿಕ್ಷಕಿ ಜೇನ್ ಎಲಿಯಟ್, 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮರುದಿನ, ತನ್ನ ಮೂರನೇ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಎರಡು ಪಾಲು ಮಾಡಿದರು. ಒಂದು ಬಣ್ಣದವರು ಮೇಲು, ಇನ್ನೊಂದು ಬಣ್ಣದವರು ಕೀಳು; ಮುಂದೆ ಸರದಿ ಅದಲುಬದಲು. ತಾರತಮ್ಯ ಅಂದರೇನು ಎಂಬುದನ್ನು ಮಕ್ಕಳು ಮೈಯಲ್ಲಿ ಅನುಭವಿಸಿದರು ಎಂದು ಜಗತ್ತು ಅದನ್ನು ಕೊಂಡಾಡಿತು. ಪುಟ್ಟ ಮಕ್ಕಳ ಮೇಲೆ ಹೀಗೆ ಪ್ರಯೋಗ ಮಾಡುವುದು ಸರಿಯೇ ಎಂದು ಕೇಳಿದವರೂ ಇದ್ದಾರೆ, ಆ ಚರ್ಚೆ ಇನ್ನೂ ನಿಂತಿಲ್ಲ. ನಾನು ಕೇಳಿದವರ ಪಕ್ಷ. ಆದರೆ ಎಲಿಯಟ್ ಅವರ ಪರವಾಗಿ ಎರಡು ಮಾತು ಹೇಳಲೇಬೇಕು: ಅವರು ಆರಿಸಿದ್ದು ಮನೆಯಲ್ಲಿ ಯಾರೂ ಯಾವತ್ತೂ ಬೈಸಿಕೊಂಡಿರದ ಗುರುತನ್ನು, ಮತ್ತು ಕೀಳಾದವರನ್ನು ಅವರು ಮೇಲೂ ಮಾಡಿದರು. ನಮ್ಮ ತರಗತಿಯ ನಾಟಕದಲ್ಲಿ ಸರದಿ ಬದಲಾಗುವುದೇ ಇಲ್ಲ. ಗಂಟೆ ಹೊಡೆದ ಮೇಲೂ ಆ ಹುಡುಗ ಅದೇ ಪಾತ್ರದಲ್ಲಿ ಮನೆಗೆ ನಡೆಯುತ್ತಾನೆ.

ಚಟುವಟಿಕೆ ಎಂಬ ಹೆಸರಿಲ್ಲದ ಚಟುವಟಿಕೆಗಳೂ ಇವೆ. ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಬಂದ ಮೇಲೆ "ತತ್ತಿ ತಿನ್ನಾವ್ರು ಕೈ ಎತ್ರಿ, ಬಾಳೆಹಣ್ಣಿನಾವ್ರು ಕೈ ಎತ್ರಿ" ಎಂದು ತುಂಬಿದ ತರಗತಿಯಲ್ಲಿ ಎಣಿಸುವ ಶಾಲೆಗಳಿವೆ. ಯಾರು ಯಾವ ಮನೆಯವರು ಎಂಬ ಜನಗಣತಿ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಮೊಟ್ಟೆ ಬೇಕು, ಮೊಟ್ಟೆ ಒಳ್ಳೆಯದು. ಮಠಗಳ ವಿರೋಧದ ನಡುವೆಯೂ ಸರ್ಕಾರ ಅದನ್ನು ಉಳಿಸಿಕೊಂಡದ್ದು ಸರಿಯೇ. ಆದರೆ ಹಾಳೆಯಲ್ಲಿ ಒಮ್ಮೆ ಬರೆದುಕೊಂಡರೆ ಮುಗಿಯುವ ಕೆಲಸಕ್ಕೆ ಕೈ ಎತ್ತಿಸುವುದು ಯಾಕೆ? ಇನ್ನು ಸಂಕೇಶ್ವರದ ಕಡೆ ಮರಾಠಿ ಮನೆಮಾತಿನ ಮಗು, ಗೋಕಾಕದಲ್ಲಿ ಉರ್ದು ಮನೆಮಾತಿನ ಮಗು ಕನ್ನಡ ಪಾಠ ಗಟ್ಟಿಯಾಗಿ ಓದುವಾಗ ಎದ್ದ ನಗುವಿಗೆ ಶಿಕ್ಷಕರೂ ಒಂದು ಮುಗುಳ್ನಗೆ ಸೇರಿಸುವುದುಂಟು. ಅದನ್ನು ಬಿಡೋಣ, ಬೆಳೆಸಿದರೆ ಬೇರೆಯದೇ ಲೇಖನವಾಗುತ್ತದೆ.

ಈಗ ಎದುರಾಳಿಯ ಗಟ್ಟಿ ವಾದಕ್ಕೆ ಬರುತ್ತೇನೆ. ಇದನ್ನು ಹೇಳುವವರು ಒಳ್ಳೆಯ ಶಿಕ್ಷಕರೇ. "ಹೀಗೆ ಹೆಜ್ಜೆ ಹೆಜ್ಜೆಗೂ ಅಂಜಿದರ ಚಟುವಟಿಕೆ ಮಾಡಸೋದ ಬ್ಯಾಡ. ಗೈಡ್ ತಗೊಂಡು ಪ್ರಶ್ನೆ-ಉತ್ತರ ಬರಸ್ತೀವಿ. ಯಾರ ಮನಸ್ಸೂ ನೋಯಂಗಿಲ್ಲ." ಮೂಡಲಗಿ ವಲಯದಂತೆ ಪರೀಕ್ಷೆಯ ಫಲಿತಾಂಶದ ಪಟ್ಟಿಯ ಬಗ್ಗೆ ಹೆಮ್ಮೆಪಡುವ ಕಡೆ ಈ ಬೆದರಿಕೆ ಖಾಲಿ ಬೆದರಿಕೆಯಲ್ಲ. ಬರೆಸುವುದಕ್ಕೆ ವಾಪಸು ಹೋಗಲು ನಮ್ಮ ಶಾಲೆಗಳು ಒಂದು ಕಾಲು ಹೊರಗಿಟ್ಟೇ ನಿಂತಿವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುವಾಗಿ, ಮುಂದೆ ರಾಜ್ಯಕ್ಕೆಲ್ಲ ಹಬ್ಬಿ, ಒಂದು-ಎರಡನೇ ತರಗತಿಯ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು ಕಾರ್ಡು ಹಿಡಿದದ್ದು ಸಣ್ಣ ಸಾಧನೆಯಲ್ಲ. ಅದನ್ನು ಬಿಡಿ ಎಂದು ಯಾರೂ ಹೇಳುತ್ತಿಲ್ಲ.

ಹೊಸ ಶಿಕ್ಷಕನ ಚಟುವಟಿಕೆ ಕೆಡಬಾರದು ಎಂದೂ ನಾನು ಹೇಳುತ್ತಿಲ್ಲ. ಕೆಡಲಿ. ಗಿಜುಭಾಯಿ ಬಧೇಕಾ 1930ರ ದಶಕದಲ್ಲಿ ಗುಜರಾತಿಯಲ್ಲಿ ಬರೆದ 'ದಿವಾಸ್ವಪ್ನ'ದ ಶಿಕ್ಷಕ ಮೊದಲ ದಿನವೇ ನೆಲ ಕಚ್ಚುತ್ತಾನೆ. ಎಷ್ಟೋ ಓದಿಕೊಂಡು ನಾಲ್ಕನೇ ತರಗತಿಗೆ ಬಂದು 'ಶಾಂತಿಯ ಆಟ' ಆಡಿಸಹೋದರೆ ಮಕ್ಕಳು ಸದ್ದು ಮಾಡಿ ಅವನ ಶಾಂತಿಯನ್ನೇ ಕೆಡಿಸುತ್ತಾರೆ. ಕೊನೆಗೆ ರಜೆ ಕೊಟ್ಟು ಕಳಿಸಿ, ಹೆಡ್‌ಮಾಸ್ತರರಿಂದ ಮಾತು ಕೇಳಿಸಿಕೊಳ್ಳುತ್ತಾನೆ. ಮರುದಿನ ಕಥೆ ಹೇಳುವುದರಿಂದ ಶುರುಮಾಡುತ್ತಾನೆ, ಗೆಲ್ಲುತ್ತಾನೆ. ಶಿಕ್ಷಕ ತರಬೇತಿಯವರಿಗೆ ಈ ಪುಸ್ತಕ ಪ್ರಿಯ, ಆದರೆ ಅವರು ಓದಿಸುವಾಗ ತಪ್ಪಿಸುವ ಒಂದು ಅಂಶವಿದೆ. ಆ ದಿನ ಪೆಟ್ಟು ತಿಂದದ್ದು ಯಾರು? ಶಿಕ್ಷಕ. ಆಟ ಕೆಟ್ಟಾಗ ನಗೆಪಾಟಲಾದದ್ದು ಅವನು. ಯಾವ ಮಗುವಿನ ಮನೆಯೂ ಬಯಲಿಗೆ ಬರಲಿಲ್ಲ. ಹಾಗೆ ದಿನಾ ಕೆಟ್ಟರೂ ಚಿಂತೆಯಿಲ್ಲ. ಹೊಸ ಶಿಕ್ಷಕ ಕಲಿಯುವಾಗಿನ ಖರ್ಚನ್ನು ತಾನೇ ಹೊರಬೇಕು, ಮಗುವಿನ ಕಿಸೆಯಿಂದ ತೆಗೆಯಬಾರದು.

ಮತ್ತು ಇದು ಅಂಥ ಕಷ್ಟವೂ ಅಲ್ಲ. ಕುಟುಂಬದ ಮರ ಬೇಕೇ? ಕಿತ್ತೂರ ಚೆನ್ನಮ್ಮನದು ಬರೆಸಿ, ಪಾಂಡವರದು ಬರೆಸಿ. ಪಾಂಡವರದು ಬರೆಯಹೊರಟರೆ ಅಪ್ಪನ ಚೌಕದಲ್ಲಿ ಎಷ್ಟು ಹೆಸರು ಬರೆಯಬೇಕು ಎಂಬ ಸೊಗಸಾದ ಚರ್ಚೆಯೇ ನಡೆದೀತು. ಮನೆ ಬೇಕೇ? ಶಾಲೆಯ ಕೋಣೆಯನ್ನೇ ಟೇಪು ಹಿಡಿದು ಅಳೆಸಿ, ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಗೋಡೆಯ ಕಲೆ ತೋರಿಸಿ. ಅದು ಎಲ್ಲರ ನೆರೆ, ಒಬ್ಬನದಲ್ಲ. ಶಾಲೆಗಳಲ್ಲಿ ನಡೆಸುವ ಮಕ್ಕಳ ಸಂತೆಯನ್ನು ನೋಡಿ. ಅಲ್ಲಿ ನೌಕರದಾರರ ಮಗ ಬದನೆಕಾಯಿ ಗುಡ್ಡೆ ಹಾಕಿಕೊಂಡು ದಿಕ್ಕು ತೋಚದೆ ಕೂತಿರುತ್ತಾನೆ. ಪಕ್ಕದಲ್ಲಿ ಕಾಯಿಪಲ್ಲೆ ಮಾರುವಾಕೆಯ ಮಗಳು ಗೋಣಿ ಕೊಡವಿ ಹಾಸಿ, ತಕ್ಕಡಿ ಹಿಡಿದು, "ಬರ್ರಿ ಕಾಕಾ, ಹತ್ತಕ್ಕ ಪಾವಕಿಲೋ" ಎಂದು ಹೆಡ್‌ಮಾಸ್ತರರನ್ನೇ ಕರೆದು, ಚಿಲ್ಲರೆ ಬಾಯಲ್ಲೇ ಲೆಕ್ಕ ಹಾಕಿ ಕೊಡುತ್ತಾಳೆ. ವರ್ಷವಿಡೀ ಗಣಿತದಲ್ಲಿ 'ಸಿ' ಪಡೆದವಳು ಆ ದಿನ ತರಗತಿಗೆ ಪಾಠ ಹೇಳುತ್ತಾಳೆ. ಅದೂ ಮನೆಯ ಕಸುಬೇ, ಅದೂ ಎಲ್ಲರೆದುರೇ. ಆದರೆ ಅಲ್ಲಿ ಅವಳನ್ನು ಯಾರೂ ಕಟಕಟೆಯಲ್ಲಿ ನಿಲ್ಲಿಸಿ ವಿವರ ಕೇಳುವುದಿಲ್ಲ. ಅವಳಿಗೆ ಬರುವುದನ್ನು ಅವಳು ಮಾಡುತ್ತಾಳೆ.

ಇದನ್ನು ಆ ಹುಮ್ಮಸ್ಸಿನ ಹುಡುಗನಿಗೆ ಯಾರು ಹೇಳಬೇಕಿತ್ತು? ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸಿನ ಗೌರವಧನಕ್ಕೆ, ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದೆ ಬಂದವನು ಅವನು. ಬಂದ ದಿನ ಅವನ ಕೈಗೆ ಹಾಜರಿ ಪುಸ್ತಕ, ಪಾಠ ಹಂಚಿಕೆ, ಬಿಸಿಯೂಟದ ಲೆಕ್ಕ ಬಂದವು. ಈ ತರಗತಿಯಲ್ಲಿ ಯಾರ ಮನೆ ಬಿದ್ದಿದೆ, ಯಾರ ಅಪ್ಪ ಕಳೆದ ವರ್ಷ ಸಾಲಕ್ಕೆ ಹೆದರಿ ಜೀವ ಕಳೆದುಕೊಂಡ, ಯಾರು ಅವ್ವನ ತವರಲ್ಲಿದ್ದಾರೆ ಎಂಬುದನ್ನು ಹಿಂದಿನ ವರ್ಷ ಕಲಿಸಿದ ಅಕ್ಕೋರು ಅರ್ಧ ಗಂಟೆ ಕೂತು ಹೇಳಿದ್ದರೆ ಸಾಕಿತ್ತು. ಯಾವ ಇಲಾಖೆಯ ಸುತ್ತೋಲೆಯೂ ಬೇಕಿರಲಿಲ್ಲ. ಅದರ ಬದಲು ಅವನಿಗೆ ಸಿಕ್ಕಿದ್ದು 'ಚಟುವಟಿಕೆ ಮಾಡಿಸಿ, ಫೋಟೋ ಹಾಕಿ' ಎಂಬ ಆದೇಶ. ಆದ್ದರಿಂದ "ಹೊಸಬರದಾರ" ಎಂಬುದು ಅವನಿಗೆ ಕೊಡುವ ರಿಯಾಯಿತಿಯಲ್ಲ, ಹಳಬರು ತಮಗೆ ತಾವೇ ಕೊಟ್ಟುಕೊಳ್ಳುವ ರಿಯಾಯಿತಿ.

ಅವನನ್ನೂ ಪೂರ್ತಿ ಬಿಡಲಾರೆ. ಖಾಲಿ ಚೌಕ ಇರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ, ಸರಿ. ಗೊತ್ತಾದ ಮೇಲೆ? ನಗು ಎದ್ದ ಮೇಲೆ, ಮುಖ ಕೆಂಪಾದ ಮೇಲೆ, ಗಂಟೆ ಹೊಡೆಯಲು ಇನ್ನೂ ಸಮಯವಿತ್ತು. ಗೋಡೆಗೆ ಚಾರ್ಟು ಅಂಟಿಸುವಾಗ ಆ ಹರಿದ ಕಾಗದ ಅವನ ಕೈಯಲ್ಲೇ ಇತ್ತು. ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ತರಗತಿಯಲ್ಲಿ ನಿಂತು, "ನಿನ್ನೆ ನಾ ಮಾಡಿಸಿದ ಆಟ ಸರಿ ಇರಲಿಲ್ಲ. ತಪ್ಪು ನಂದು. ನೀವು ನಕ್ಕದ್ದೂ ತಪ್ಪು. ಆ ಚಾರ್ಟ್ ಎಲ್ಲಾ ತಗೀತೀನಿ" ಎನ್ನಲು ಯಾವ ಬಿ.ಎಡ್. ಬೇಕು? ಆ ಹುಡುಗಿಯ ಹೆಸರೆತ್ತುವುದೂ ಬೇಡ. ಅವಳಿಗೆ ತಿಳಿಯುತ್ತದೆ.

ಇಲ್ಲಿಗೆ ಬಂದಾಗ ಸ್ಟಾಫ್ ರೂಮು ಒಟ್ಟಾಗಿ ಎದ್ದು ನಿಲ್ಲುತ್ತದೆ. "ಹುಡುಗರ ಮುಂದ ಮಾಸ್ತರ ತಪ್ಪಾತು ಅಂದ್ರ ಮರ್ಯಾದಿ ಏನ್ ಉಳೀತ್ರಿ?" ಗುರು ಕ್ಷಮೆ ಕೇಳಿದರೆ ಗುರುತ್ವ ಹೋಗುತ್ತದೆ ಎಂಬ ಈ ಭಯವೇ ಉಳಿದೆಲ್ಲ ಸಮರ್ಥನೆಗಳ ಬೇರು. "ಉದ್ದೇಶ ಒಳ್ಳೆಯದಿತ್ತು" ಎನ್ನುವುದು ಕ್ಷಮೆಯನ್ನು ತಪ್ಪಿಸಿಕೊಳ್ಳುವ ದಾರಿ, ಅಷ್ಟೆ. ಉದ್ದೇಶ ನಿಮ್ಮದು, ನಿಮ್ಮ ಹತ್ತಿರವೇ ಇರಲಿ. ನೋವು ಅವಳದು. ನಿಮ್ಮ ಹತ್ತಿರ ಇರುವ ವಸ್ತುವಿನಿಂದ ಅವಳ ಹತ್ತಿರ ಇರುವುದು ಕಡಿಮೆಯಾಗುವುದು ಹೇಗೆ?

ಶಿಕ್ಷಕರ ಮರ್ಯಾದೆಯ ಬಗ್ಗೆ ನಿಜವಾದ ಕಾಳಜಿ ಇದ್ದವರು ಟೋಕಿಯೋದ ತೊಮೊಯೆ ಶಾಲೆಯ ಮುಖ್ಯೋಪಾಧ್ಯಾಯ ಕೊಬಾಯಾಶಿಯವರನ್ನು ನೋಡಬೇಕು. ಕನ್ನಡಕ್ಕೂ ಬಂದಿರುವ 'ತೊತ್ತೋಚಾನ್' ಪುಸ್ತಕವನ್ನು ಓದಿದವರಿಗೆ ಗೊತ್ತು. ಬೆಳವಣಿಗೆ ನಿಂತ ಕುಳ್ಳ ದೇಹದ ಒಬ್ಬ ಹುಡುಗ ಆ ಶಾಲೆಯಲ್ಲಿದ್ದ. ತರಗತಿಯ ಶಿಕ್ಷಕಿ ಬಾಲದ ಕಥೆ ಹೇಳುತ್ತ, ಮುದ್ದಿಗೆಂದೇ, ನಿನಗೆ ಬಾಲ ಇದೆಯೇನೋ ಎಂದು ಅವನನ್ನು ಕೇಳಿಬಿಟ್ಟರು. ಎಲ್ಲರೂ ನಕ್ಕರು. ಆಕೆಯ ಉದ್ದೇಶ ಖಂಡಿತ ಕೆಟ್ಟದಾಗಿರಲಿಲ್ಲ. ಕೊಬಾಯಾಶಿ ಆಕೆಯ ಮೇಲೆ ಕೆಂಡವಾದರು, ಆ ಹುಡುಗನ ವಿಷಯದಲ್ಲಿ ತಾನು ಎಷ್ಟು ಎಚ್ಚರ ವಹಿಸುತ್ತೇನೆ ಎಂಬುದನ್ನು ಮನಗಾಣಿಸಲು ಒದ್ದಾಡಿದರು, ಶಿಕ್ಷಕಿ ಅತ್ತರು. ಇದೆಲ್ಲ ನಡೆದದ್ದು ಅಡುಗೆಮನೆಯಲ್ಲಿ, ಬೇರೆ ಶಿಕ್ಷಕರ ಕಿವಿಗೆ ಬೀಳದ ಜಾಗದಲ್ಲಿ. ಕಥೆ ಹೇಳುವ ವಿದ್ಯಾರ್ಥಿನಿ ತೊತ್ತೋಚಾನ್‌ಗೆ ಕೇಳಿಸಿದ್ದು ಆಕಸ್ಮಿಕ. ಇದೇ ಮುಖ್ಯೋಪಾಧ್ಯಾಯರು ಕ್ರೀಡಾಕೂಟದ ಆಟಗಳನ್ನು ಆ ಹುಡುಗನ ಮೈಕಟ್ಟಿಗೆ ಹೊಂದುವ ಹಾಗೆ ಯೋಚಿಸಿ ಮಾಡಿದ್ದರು. ಪ್ರತಿ ಸ್ಪರ್ಧೆಯಲ್ಲೂ ಅವನೇ ಗೆದ್ದ, ಬಹುಮಾನ ಕಾಯಿಪಲ್ಲೆ. ಮಗುವಿನ ಮರ್ಯಾದೆ ಮೈದಾನದಲ್ಲಿ, ಶಿಕ್ಷಕಿಯ ತಪ್ಪು ಅಡುಗೆಮನೆಯಲ್ಲಿ.

ನಮ್ಮಲ್ಲಿ ಪೂರಾ ಉಲ್ಟಾ. ಮೊದಲು ಎಲ್ಲವನ್ನೂ ಮುಚ್ಚುತ್ತೇವೆ. ಮುಚ್ಚಲಾಗದೆ ವಿಡಿಯೋ ಹೊರಗೆ ಬಿತ್ತೋ, ಸ್ಥಳೀಯ ಚಾನೆಲ್ಲು ಮೈಕು ಹಿಡಿದು ಬಂತೋ, ಆವಾಗ ಶಿಕ್ಷಕನನ್ನು ನಡುಬೀದಿಯಲ್ಲಿ ನಿಲ್ಲಿಸುತ್ತೇವೆ. ನೋಟೀಸು, ಅಮಾನತು, ಅತಿಥಿ ಶಿಕ್ಷಕನಾದರೆ ನೋಟೀಸೂ ಬೇಡ, ನಾಳೆಯಿಂದ ಬರಬೇಡ. ನ್ಯಾಯ ಸಿಕ್ಕಿತು ಎಂದು ಊರು ಮಲಗುತ್ತದೆ. ಮರುದಿನ ಮಗು ಶಾಲೆಗೆ ಹೋದರೆ ಅದಕ್ಕೊಂದು ಹೊಸ ಹೆಸರು ಕಾದಿರುತ್ತದೆ: ಸರ್ ಹೋಗಲು ಕಾರಣವಾದವಳು. ಒಳ್ಳೆಯ ಸರ್ ಇದ್ದರು, ಆಟ ಆಡಿಸುತ್ತಿದ್ದರು, ಇವಳ ದೆಸೆಯಿಂದ ಹೋದರು. ನಕ್ಕ ಮಕ್ಕಳಿಗೆ ಯಾರೂ ಏನೂ ಹೇಳಿಲ್ಲ. ಚಾರ್ಟು ಇನ್ನೂ ಗೋಡೆಯ ಮೇಲಿದೆ.

ಭಾವನೆಗೆ ಧಕ್ಕೆ ಎಂಬ ಮಾತು ನಮ್ಮ ನಾಡಿಗೆ ಹೊಸತೇನಲ್ಲ. ಧಕ್ಕೆಯಾದದ್ದು ದೊಡ್ಡವರ ಭಾವನೆಗೆ ಎಂದಾದರೆ ಸರ್ಕಾರ ಎಷ್ಟು ಚುರುಕಾಗುತ್ತದೆ ಎಂಬುದನ್ನು 2020ರ ಜನವರಿಯಲ್ಲಿ ಬೀದರಿನಲ್ಲಿ ನೋಡಿದ್ದೇವೆ. ಶಾಹೀನ್ ಶಾಲೆಯ ಮಕ್ಕಳು ಆಡಿದ ಪೌರತ್ವ ಕಾಯ್ದೆಯ ಕುರಿತ ನಾಟಕಕ್ಕೆ ರಾಜದ್ರೋಹದ ಪ್ರಕರಣ ಬಿತ್ತು, ಮುಖ್ಯ ಶಿಕ್ಷಕಿಯೂ ಒಬ್ಬ ಮಗುವಿನ ತಾಯಿಯೂ ಜೈಲಿಗೆ ಹೋದರು, ಪೊಲೀಸರು ಶಾಲೆಗೇ ಬಂದು ಪುಟ್ಟ ಮಕ್ಕಳನ್ನು ಮತ್ತೆ ಮತ್ತೆ ಪ್ರಶ್ನಿಸಿದರು. ಸಮವಸ್ತ್ರದಲ್ಲಿ, ಆಯುಧ ಹಿಡಿದು ಮಕ್ಕಳ ಮುಂದೆ ಕೂತದ್ದು ಕಾನೂನಿನ ಉಲ್ಲಂಘನೆ ಎಂದು ಹೈಕೋರ್ಟ್ 2021ರಲ್ಲಿ ಹೇಳಬೇಕಾಯಿತು. ಪ್ರಕರಣ 2023ರಲ್ಲಿ ರದ್ದಾಯಿತು. ಆ ನಾಟಕ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ದೊಡ್ಡವರ ಭಾವನೆಯ ಪರವಾಗಿ ಅಷ್ಟು ಬಲ ಒಟ್ಟುಗೂಡಿತು. ವಿಚಾರಣೆಗೆ ಕೂತ ಮಕ್ಕಳ ಭಾವನೆಗೆ ಏನಾಯಿತು ಎಂದು ಕೇಳಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಮತ್ತೆ ನಮ್ಮ ಶಾಲೆಗಳಿಗೇ ಬರೋಣ. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ತಾಲೂಕುಗಳೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಕ್ಲಸ್ಟರ್ ಮಟ್ಟದಲ್ಲಿ ಶಿಕ್ಷಕರ ಸಮಾಲೋಚನಾ ಸಭೆಗಳು ನಡೆಯುತ್ತವೆ. ಅಂಕಗಳ ಆನ್‌ಲೈನ್ ನಮೂದು, ಸಮವಸ್ತ್ರ, ಮೊಟ್ಟೆಯ ಬಿಲ್ಲು, ಹಾಜರಾತಿ, ಪ್ರತಿಭಾ ಕಾರಂಜಿ, ಇವೆಲ್ಲ ಅಲ್ಲಿ ಬರುತ್ತವೆ, ಬರಲಿ. "ಈ ಅವಧಿಯಲ್ಲಿ ನನ್ನ ತರಗತಿಯಲ್ಲಿ ಯಾವ ಚಟುವಟಿಕೆ ಕೆಟ್ಟಿತು, ಯಾರಿಗೆ ಪೆಟ್ಟಾಯಿತು, ಮರುದಿನ ನಾನೇನು ಮಾಡಿದೆ" ಎಂದು ಒಬ್ಬ ಹಳೆಯ ಶಿಕ್ಷಕರು ಎದ್ದು ಹೇಳಲು ಹತ್ತು ನಿಮಿಷ ಇಡಿ. ಹಳೆಯವರೇ ಮೊದಲು ಹೇಳಲಿ, ಇಪ್ಪತ್ತು-ಮೂವತ್ತು ವರ್ಷ ಕಲಿಸಿದವರು. ಅವರ ಹತ್ತಿರ ಇಂಥವು ಹೊಸಬರಿಗಿಂತ ಹೆಚ್ಚೇ ಇರುತ್ತವೆ. ಅದರ ಫೋಟೋ ತೆಗೆಯುವುದು ಬೇಡ, ಗುಂಪಿಗೆ ಹಾಕುವುದು ಬೇಡ. ಸಮಯವಿಲ್ಲ ಎಂದು ಬಿಇಒ ಸಾಹೇಬರು ಹೇಳುವುದಾದರೆ, ಸ್ವಾಗತ, ಹಾರ-ತುರಾಯಿ ಮತ್ತು ವಂದನಾರ್ಪಣೆಗೆ ಇಟ್ಟ ಸಮಯದಲ್ಲೇ ಅಷ್ಟನ್ನು ಕತ್ತರಿಸಿಕೊಳ್ಳಲಿ.